ಹಡಗಿನ ಭೋಜನಶಾಲೆಯೂ ನಮ್ಮವರ ಉಡುಗೆಯೂ

ಉಣ್ಣುವ ಸ್ಥಳಕ್ಕೆ ಉಟ್ಟು ಹೋಗುವ ಬಟ್ಟೆ ಹೇಗಿರಬೇಕೆಂಬ ವಿಚಾರ ನಮ್ಮ ಮನೆತನಗಳಿಗೆ ಹೊಸದಲ್ಲ. ಮಠದ ಪಂಕ್ತಿಗೆ ಹೋಗುವವರು ಮಿಂದು, ಒಗೆದ ಬಟ್ಟೆ ಉಟ್ಟು, ಹಣೆಗೆ ವಿಭೂತಿ ಧರಿಸಿ ಹೋಗಬೇಕೆಂದು ಫಲಕ ಬರೆದು ತೂಗುಹಾಕುವ ಅಗತ್ಯ ಎಂದೂ ಬಂದಿಲ್ಲ. ಹೊಸಪೇಟೆಯ ಕೊಟ್ಟೂರುಸ್ವಾಮಿ ಮಠದ ಭಕ್ತರಿಗಾಗಲಿ, ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳೊಡನೆ ಕುಳಿತು ಪ್ರಸಾದ ಸ್ವೀಕರಿಸಿದವರಿಗಾಗಲಿ ಅದನ್ನು ಹೇಳಿಕೊಡಬೇಕಾಗಿಲ್ಲ. ತಾಯಿ ಮಗುವಿನ ಕೈಹಿಡಿದು ಕರೆದೊಯ್ಯುವಾಗಲೇ ಆ ಪಾಠ ಮುಗಿದಿರುತ್ತದೆ. ಈಗ ಅದೇ ವಿಚಾರ ಬೇರೊಂದು ದಿಕ್ಕಿನಿಂದ, ಎಂದರೆ ಸಮುದ್ರದ ಕಡೆಯಿಂದ, ನಮ್ಮ ಮನೆಗಳನ್ನು ಪ್ರವೇಶಿಸಿದೆ.

ಹೊಸಪೇಟೆ, ಕಂಪ್ಲಿ, ಸಂಡೂರಿನ ಅನೇಕ ಸದ್ಭಕ್ತರ ಮಕ್ಕಳು ಇಂದು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡಾಗ ನಾಲ್ಕು ದಿನವೋ ವಾರವೋ ವಿಹಾರದ ಹಡಗಿನಲ್ಲಿ ಸುತ್ತಾಡಿಸುವುದು ಅವರಿಗೊಂದು ಸಂತೋಷ. ಹೊರದೇಶಕ್ಕೆ ಹೋಗಲೇಬೇಕೆಂದೇನೂ ಇಲ್ಲ; 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಎಂಬ ಸಂಸ್ಥೆಯ ಹಡಗು ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಪಯಣಿಸತೊಡಗಿತು. ಮಕ್ಕಳ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಟಿಕೇಟಿನ ಜೊತೆಗೆ ಒಂದು ಸೂಚನೆಯೂ ಬರುತ್ತದೆ: ಅಪ್ಪಾಜಿ ಧೋತರ ತರುವುದು ಬೇಡ, ಎರಡು ಪ್ಯಾಂಟು ಹೊಲಿಸಲಿ, ಅವ್ವ ಸೀರೆಯ ಗಂಟು ಕಟ್ಟುವುದು ಬೇಡ, ಇಲ್ಲಿಗೆ ಬಂದ ಮೇಲೆ ಬೇರೆ ಬಟ್ಟೆ ಕೊಡಿಸುತ್ತೇವೆ, ಹಡಗಿನ ದೊಡ್ಡ ಊಟದ ಮನೆಗಳಲ್ಲಿ ಉಡುಪಿನ ನಿಯಮ ಬಹಳ ಬಿಗಿ.

ಕಂಪ್ಲಿಯ ಕಡೆಯ ಹಿರಿಯ ಒಕ್ಕಲಿಗರೊಬ್ಬರು ಈ ಸೂಚನೆಯನ್ನು ನನಗೆ ಓದಿ ಹೇಳಿ, "ಶಾಸ್ತ್ರಿಗಳ, ಅರವತ್ತು ವರ್ಷ ಧೋತರ ಉಟ್ಟೀನ್ರಿ. ಮದುವಿ, ಜಾತ್ರಿ, ಕೋರ್ಟು, ಕಚೇರಿ ಎಲ್ಲಾ ಅದರಾಗ ಆಗ್ಯಾವು. ಈಗ ಒಂದು ಹೊತ್ತಿನ ಊಟಕ್ಕ ಅದನ್ನ ಬಿಡಬೇಕೇನ್ರಿ?" ಎಂದರು. ಅವರ ಮನೆಯವರು ಬಾಗಿಲ ಮರೆಯಿಂದಲೇ, "ಇಳಕಲ್ಲ ಸೀರಿ ಉಟ್ಟರ ಒಳಗ ಬಿಡಂಗಿಲ್ಲಂತ್ರಿ" ಎಂದು ಸೇರಿಸಿದರು. ಈ ಮಾತು ನಿಜವೇ ಎಂಬುದನ್ನು ಮೊದಲು ನೋಡೋಣ. ಏಕೆಂದರೆ ನಿಯಮವನ್ನು ಓದದೆ ಹೆದರುವುದೂ ಹೆದರಿಸುವುದೂ ಎರಡೂ ಸಲ್ಲದು.

ವಿಹಾರದ ಹಡಗೆಂದರೆ ನೀರಿನ ಮೇಲೆ ತೇಲುವ ಒಂದು ಪೇಟೆ. ಅದರಲ್ಲಿ ಊಟಕ್ಕೆ ಹಲವು ಸ್ಥಳಗಳಿರುತ್ತವೆ. ಮೊದಲನೆಯದು ತಟ್ಟೆ ಹಿಡಿದು ಬೇಕಾದುದನ್ನು ಬಡಿಸಿಕೊಳ್ಳುವ ಬಫೆ. ಇಲ್ಲಿ ಉಡುಪಿನ ಕಟ್ಟುಪಾಡು ಇಲ್ಲವೆಂದೇ ಹೇಳಬಹುದು, ಮೈಮುಚ್ಚಿದ್ದು ಕಾಲಿಗೆ ಜೋಡಿದ್ದರೆ ಸಾಕು. ಎರಡನೆಯದು ಟಿಕೇಟಿನ ಹಣದಲ್ಲಿಯೇ ಅಡಗಿರುವ ದೊಡ್ಡ ಭೋಜನಶಾಲೆ. ಮೂರನೆಯದೇ ಮಕ್ಕಳು ಹೇಳುವ ವಿಶೇಷ ಊಟದ ಮನೆಗಳು: ಇಟಲಿಯ ಅಡುಗೆಯದೊಂದು, ಫ್ರಾನ್ಸಿನದೊಂದು, ಜಪಾನಿನದೊಂದು, ಮಾಂಸವನ್ನೇ ಪ್ರಧಾನವಾಗಿ ಬಡಿಸುವುದೊಂದು. ಇವುಗಳಿಗೆ ಪ್ರತ್ಯೇಕ ಹಣ ಕೊಡಬೇಕು, ಮುಂಚಿತವಾಗಿ ಸ್ಥಳ ಕಾದಿರಿಸಬೇಕು. ಕೊನೆಯದನ್ನು ನಮ್ಮವರು ಬಿಟ್ಟುಬಿಡುವುದೇ ಲೇಸು. ಉಳಿದವುಗಳಲ್ಲಿ ಸಸ್ಯಾಹಾರ ಬೇಕೆಂದೂ ಮೊಟ್ಟೆ ಬೇಡವೆಂದೂ ಸ್ಥಳ ಕಾದಿರಿಸುವಾಗಲೇ ತಿಳಿಸಿದರೆ ಸಾಮಾನ್ಯವಾಗಿ ಏರ್ಪಾಟು ಮಾಡುತ್ತಾರೆ.

ಈ ವಿಶೇಷ ಊಟದ ಮನೆಗಳ ಉಡುಪಿನ ನಿಯಮವನ್ನು ಹಡಗಿನವರು "ಸ್ಮಾರ್ಟ್ ಕ್ಯಾಶುವಲ್" ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗುವಾಗ ಉಡುವಂತಹದು. ಮದುವೆಯ ಜರಿಯೂ ಅಲ್ಲ, ಹೊಲದ ಬಟ್ಟೆಯೂ ಅಲ್ಲ. ಸಂಸ್ಥೆಯಿಂದ ಸಂಸ್ಥೆಗೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ನಿಷೇಧದ ಪಟ್ಟಿ ಬಹುಮಟ್ಟಿಗೆ ಒಂದೇ: ಈಜುವ ಉಡುಪು, ತೋಳಿಲ್ಲದ ಬನಿಯನ್ನು, ಅರ್ಧ ಚಡ್ಡಿ, ಹರಿದ ಜೀನ್ಸು, ಬಚ್ಚಲಿಗೆ ಮೆಟ್ಟುವ ರಬ್ಬರು ಚಪ್ಪಲಿ, ಆಟಗಾರರ ಟೋಪಿ, ಬರಿಗಾಲು. ಗಂಡಸರಿಗೆ ಕಾಲರಿನ ಅಂಗಿ, ಕಾಲು ಮುಚ್ಚುವ ಉಡುಪು, ಮುಚ್ಚಿದ ಜೋಡು. ಹೆಂಗಸರಿಗೆ ಮೈತುಂಬ ಒಪ್ಪುವ ಉಡುಪು.

ಈ ಪಟ್ಟಿಯನ್ನು ಸಾವಧಾನವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಇದರಲ್ಲಿ ಇಳಕಲ್ಲ ಸೀರೆಯ ಹೆಸರಿಲ್ಲ. ಅರ್ಧ ಚಡ್ಡಿ ತೊಟ್ಟು ತಲೆಗೆ ಆಟದ ಟೋಪಿ ಇಟ್ಟು ಊಟಕ್ಕೆ ಹೊರಡುವವನು ಮಗನೇ ಹೊರತು ತಂದೆಯಲ್ಲ! ನಿಯಮವನ್ನು ಅಕ್ಷರಶಃ ನಡೆಸಿದರೆ ಬಾಗಿಲಲ್ಲಿ ನಿಲ್ಲಬೇಕಾದವನು ಮೊದಲು ಮಗ, ಆಮೇಲೆ ಮೊಮ್ಮಗ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾದದವರೆಗೆ ಇಳಿದ ಧೋತರ, ಹೆಗಲಿಗೆ ಶಲ್ಯ ಇವು ಮೈಮುಚ್ಚುವುದರಲ್ಲಾಗಲಿ ಗೌರವದಲ್ಲಾಗಲಿ ಯಾವ ಕೋಟಿಗೂ ಕಡಿಮೆಯಲ್ಲ.

ಇದಕ್ಕಿಂತ ಬಿಗಿಯಾದದ್ದು "ಫಾರ್ಮಲ್" ಎಂಬ ಸಂಜೆ. 1840ರಷ್ಟು ಹಿಂದೆ ಆರಂಭವಾದ ಕ್ಯುನಾರ್ಡ್ ಎಂಬ ಇಂಗ್ಲೆಂಡಿನ ಸಂಸ್ಥೆ ಉಡುಪಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟೆಂದು ಹೆಸರಾದುದು. ಅವರ ಹಡಗುಗಳಲ್ಲಿ ಕೆಲವು ಸಂಜೆ ಆರು ಗಂಟೆಯ ಮೇಲೆ ಗಂಡಸರು ಕಪ್ಪು ಸೂಟು, ಕೊರಳಪಟ್ಟಿ ಧರಿಸಿಯೇ ಬರಬೇಕು. ಆದರೆ ಆ ಸಂಸ್ಥೆಯೂ ತನ್ನ ನಿಯಮದಲ್ಲಿಯೇ ಅವರವರ ದೇಶದ ವಿಧ್ಯುಕ್ತ ಉಡುಪಿಗೆ ಅವಕಾಶವಿಟ್ಟಿದೆ. ನಾರ್ವೇಜಿಯನ್ ಮೊದಲಾದ ಕೆಲವು ಸಂಸ್ಥೆಗಳಲ್ಲಂತೂ ಸೂಟಿನ ಕಡ್ಡಾಯವೇ ಇಲ್ಲ. ಎಂದ ಮೇಲೆ ಹಿರಿಯರ ಧೋತರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಡುವುದು ಹಡಗಿನ ನಿಯಮವಲ್ಲ, ಮಕ್ಕಳ ಮನಸ್ಸಿನ ಸಂಕೋಚ.

ಈ ಸಂಕೋಚ ಬಂದದ್ದೆಲ್ಲಿಂದ? ಮಕ್ಕಳನ್ನು ಮಾತ್ರ ದೂಷಿಸಿ ಪ್ರಯೋಜನವಿಲ್ಲ. 2024ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ ನಡೆದ ಘಟನೆಯನ್ನು ಓದುಗರು ಮರೆತಿರಲಾರರು. ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಅವರ ಮಗ ಚಲನಚಿತ್ರ ತೋರಿಸಲೆಂದು ಕರೆದುಕೊಂಡು ಹೋದಾಗ, ಪಂಚೆ ಉಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ಕಾವಲುಗಾರರು ಒಳಗೆ ಬಿಡಲಿಲ್ಲ. ನಾಡಿನಾದ್ಯಂತ ಜನ ಸಿಡಿದೆದ್ದರು. ಸರ್ಕಾರ ಏಳು ದಿನ ಆ ಮಾಲನ್ನು ಮುಚ್ಚಿಸಿತು. ಆಡಳಿತದವರು ಕ್ಷಮೆ ಕೇಳಿ ಆ ಹಿರಿಯರನ್ನು ಸನ್ಮಾನಿಸಿದರು. ಅದಕ್ಕೆ ಹತ್ತು ವರ್ಷ ಮೊದಲು, 2014ರ ಜುಲೈಯಲ್ಲಿ, ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನಲ್ಲಿ ಮದ್ರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹರಿಪರಂದಾಮನ್ ಅವರನ್ನೇ ವೇಷ್ಟಿ ಉಟ್ಟಿದ್ದಕ್ಕಾಗಿ ತಡೆದಿದ್ದರು. ತಮಿಳುನಾಡಿನ ಶಾಸನಸಭೆ ಒಂದೇ ತಿಂಗಳಲ್ಲಿ ಕಾನೂನು ಮಾಡಿ, ಹಾಗೆ ತಡೆದವರಿಗೆ 25,000 ರೂಪಾಯಿ ದಂಡವನ್ನೂ ಒಂದು ವರ್ಷದವರೆಗಿನ ಸೆರೆವಾಸವನ್ನೂ ವಿಧಿಸಿತು.

ಪರದೇಶದ ಹಡಗು ಒಪ್ಪುವ ಉಡುಪನ್ನು ನಮ್ಮ ರಾಜಧಾನಿಯ ಅಂಗಡಿ ಬಾಗಿಲು ಒಪ್ಪಲಿಲ್ಲವೆಂಬುದು ನೋಯಿಸುವ ಸಂಗತಿ. ಆ ಬಾಗಿಲಲ್ಲಿ ತಂದೆಯ ಪಕ್ಕದಲ್ಲಿ ನಿಂತ ಮಗನ ಸ್ಥಿತಿಯನ್ನು ನೆನೆದರೆ, ಅಮೆರಿಕದಲ್ಲಿರುವ ನಮ್ಮ ಮಕ್ಕಳು ಮುಂಚಿತವಾಗಿಯೇ ಪ್ಯಾಂಟು ಹೊಲಿಸಿರೆಂದು ಹೇಳುವುದರ ಹಿಂದಿನ ಅಂಜಿಕೆಯೂ ಅರ್ಥವಾಗುತ್ತದೆ. ಅವರು ತಂದೆಯನ್ನು ಅವಮಾನಿಸುತ್ತಿಲ್ಲ, ತಂದೆಗೆ ಅವಮಾನವಾದೀತೆಂದು ಹೆದರುತ್ತಿದ್ದಾರೆ. ಆದರೆ ಆಗದಿರುವ ಅವಮಾನವನ್ನು ಮನೆಯಲ್ಲಿಯೇ ಮೊದಲು ಮಾಡಿ ಮುಗಿಸಿದರೆ ಹಿರಿಯರಿಗೆ ಉಳಿಯುವುದೇನು?

ಇನ್ನು ನಮ್ಮ ಹಂಪಿಯ ಕಡೆ ತಿರುಗೋಣ. ಉಡುಪಿನ ನಿಯಮ, ಪರದೇಶದ ಅತಿಥಿ, ರಾಜೋಪಚಾರದ ಊಟ ಈ ಮೂರೂ ಒಂದೆಡೆ ಸೇರಿದ ಊರು ಇಲ್ಲಿಯೇ ಇತ್ತು. ಕಮಲಾಪುರ ಮತ್ತು ಹಂಪಿಯ ನಡುವೆ ಕಾಲುವೆಯ ಎರಡೂ ದಂಡೆಗಳಲ್ಲಿ ಸಾಲಾಗಿ ಹಾಸಿದ ಕಲ್ಲಿನ ಚಪ್ಪಡಿಗಳನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಒಂದೊಂದು ಕಲ್ಲಿನಲ್ಲಿಯೂ ತಟ್ಟೆ, ತಟ್ಟೆಯೊಳಗೆ ಪಲ್ಯ ಸಾರುಗಳಿಗೆ ಪ್ರತ್ಯೇಕ ಕುಳಿಗಳನ್ನು ಕೊರೆದಿದ್ದಾರೆ. ಜನ ಅದನ್ನು ಭೋಜನಶಾಲೆ ಎಂದೇ ಕರೆಯುತ್ತಾರೆ. ಎದುರುಬದುರಾಗಿ ಪಂಕ್ತಿ, ನಡುವೆ ಹರಿಯುವ ನೀರು. ನೀರಿನ ಪಕ್ಕದಲ್ಲಿ ಕುಳಿತು ಉಣ್ಣುವ ವೈಭೋಗಕ್ಕೆ ಹಡಗೇ ಬೇಕಾಗಿರಲಿಲ್ಲವೆಂದು ಇಲ್ಲಿ ನಿಂತಾಗ ಅನ್ನಿಸುವುದುಂಟು.

1443ರಲ್ಲಿ ಹೆರಾತಿನಿಂದ ಷಾರೂಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿನವರೆಗೆ ಕಡಲ ಮೇಲೆ, ಅಲ್ಲಿಂದ ನೆಲದ ಮೇಲೆ ಪಯಣಿಸಿ ವಿಜಯನಗರವನ್ನು ಸೇರಿದ. ಆಗ ಆಳುತ್ತಿದ್ದವನು ಪ್ರೌಢದೇವರಾಯ. ಲಕ್ಕಣ್ಣ ದಂಡೇಶ, ಚಾಮರಸರಂತಹ ಶಿವಶರಣ ಪರಂಪರೆಯ ಕವಿಗಳಿಗೆ ಆಶ್ರಯವಾಗಿದ್ದ ಕಾಲ. ಆ ಆಸ್ಥಾನದಲ್ಲಿ ಸಭೆಗೆ ಬರುವವರು ಕಬಾಯಿ ಎಂಬ ಉದ್ದನೆಯ ಅಂಗಿಯನ್ನೂ ಕುಲ್ಲಾಯಿ ಎಂಬ ಎತ್ತರದ ಟೋಪಿಯನ್ನೂ ಧರಿಸುತ್ತಿದ್ದರು. ಕಬಾಯಿ ಅರಬ್ಬಿ ಮೂಲದ ಮಾತು, ಕುಲ್ಲಾಯಿ ಪಾರಸಿ ಮೂಲದ್ದು. ತೆಲುಗಿನ ಮಹಾಕವಿ ಶ್ರೀನಾಥ ಇದೇ ಆಸ್ಥಾನಕ್ಕೆ ಬಂದವನು. ಅವನ ಹೆಸರಿನಲ್ಲಿ ಪ್ರಚಲಿತವಾಗಿರುವ ಒಂದು ಚಾಟುಪದ್ಯದಲ್ಲಿ ಈ ಟೋಪಿಯನ್ನೂ ನಿಲುವಂಗಿಯನ್ನೂ ತೊಡಬೇಕಾಗಿ ಬಂದುದರ, ಬೆಳ್ಳುಳ್ಳಿ ಬೆರೆತ ಊಟವನ್ನು ಉಣ್ಣಬೇಕಾಗಿ ಬಂದುದರ ಅಳಲಿದೆ. ಕಂಪ್ಲಿಯ ಹಿರಿಯರು ಪ್ಯಾಂಟಿನ ವಿಷಯದಲ್ಲಿ ಹೇಳಿಕೊಂಡ ಸಂಕಟವನ್ನು ಸುಮಾರು ಆರು ನೂರು ವರ್ಷಗಳ ಹಿಂದೆ ಒಬ್ಬ ಕವಿಸಾರ್ವಭೌಮನೂ ಪಟ್ಟಿದ್ದನೆಂದರೆ, ಇದು ಸಣ್ಣ ಮಾತಲ್ಲವೆಂದು ಒಪ್ಪಬೇಕು.

ಆದರೆ ಅದೇ ವಿಜಯನಗರ ಇನ್ನೊಂದನ್ನೂ ತೋರಿಸುತ್ತದೆ. ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯನು ತನ್ನ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಲೋಹದ ಪ್ರತಿಮೆಗಳಿವೆ. ಅಲ್ಲಿ ತಲೆಯ ಮೇಲೆ ಎತ್ತರದ ಟೋಪಿಯಿದೆ, ಆದರೆ ಮೈಮೇಲೆ ಕಬಾಯಿ ಇಲ್ಲ. ದೇವರೆದುರು ಬರಿಮೈ, ನಡುವಿಗೆ ಧೋತರ. 1520ರ ಸುಮಾರಿಗೆ ಅದೇ ದೊರೆಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿರುವ ಪ್ರಕಾರ, ರಾಯನು ಬಂಗಾರದ ಗುಲಾಬಿಗಳನ್ನು ಹೆಣೆದ ಬಿಳಿಯ ವಸ್ತ್ರ ಧರಿಸಿ, ಕೊರಳಿಗೆ ವಜ್ರದ ಹಾರ ಹಾಕಿ, ಬರಿಗಾಲಿನಲ್ಲಿ ಕುಳಿತಿದ್ದ. ದೊರೆಯಿದ್ದೆಡೆಗೆ ಯಾರೂ ಪಾದರಕ್ಷೆ ಮೆಟ್ಟಿ ಬರುವಂತಿರಲಿಲ್ಲ. ಎಂದರೆ ಅಂದು ಹಂಪಿಯ ಅರಮನೆಯಲ್ಲಿ ಬರಿಗಾಲೇ ಮರ್ಯಾದೆ, ಇಂದು ಹಡಗಿನ ಊಟದ ಮನೆಯಲ್ಲಿ ಬರಿಗಾಲೇ ಅಮರ್ಯಾದೆ. ಸ್ಥಳದ ನಿಯಮ ಸ್ಥಳದವರದು. ಅದಕ್ಕೆ ತಕ್ಕಂತೆ ಜೋಡು ಮೆಟ್ಟುವುದರಲ್ಲಾಗಲಿ ಕಳಚುವುದರಲ್ಲಾಗಲಿ ನಮ್ಮದೇನೂ ಕಳೆದುಹೋಗುವುದಿಲ್ಲ. ರಾಯನೂ ಸಭೆಗೊಂದು, ದೇವರಿಗೊಂದು ಉಡುಪು ಇಟ್ಟುಕೊಂಡಿದ್ದ. ಅಷ್ಟೇಕೆ, ನಮ್ಮ ಹಿರಿಯರ ತಲೆಯ ಮೇಲಿರುವ ರುಮಾಲಿನ ಹೆಸರೇ ಪಾರಸಿ ಭಾಷೆಯದು. ಬಂದುದನ್ನು ನಮ್ಮದನ್ನಾಗಿ ಮಾಡಿಕೊಂಡು ಉಟ್ಟವರು ನಾವು.

ಆದ್ದರಿಂದ ಪ್ಯಾಂಟು ತೊಟ್ಟರೆ ಧರ್ಮ ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ತೊಡುವ ಮನಸ್ಸಿರುವ ಹಿರಿಯರು ತೊಡಲಿ, ಸೊಸೆಯಂದಿರು ಚೂಡಿದಾರ ತೊಟ್ಟು ಪಂಕ್ತಿಗೆ ಬಂದರೆ ಅತ್ತೆಯವರು ಮುಖ ಗಂಟಿಕ್ಕುವುದು ಬೇಡ. ನನ್ನ ಮಾತು ಇಷ್ಟೇ: ಇಷ್ಟವಿಲ್ಲದ ವೇಷವನ್ನು ಹೆದರಿಕೆಗಾಗಿ ತೊಡಬಾರದು. ಹಾಗೆ ತೊಟ್ಟವರ ಪಾಡೇನೆಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಯಲ್ಲಿ ಒಳ್ಳೆಯ ನಿದರ್ಶನವಿದೆ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಹದಿನೆಂಟರ ಹರೆಯದ ಅವರಿಗೆ ಚಮಚ ಮುಳ್ಳುಗಳನ್ನು ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯವಿಲ್ಲ. ಊಟದ ಮೇಜಿಗೆ ಹೋಗದೆ, ಮನೆಯಿಂದ ಒಯ್ದ ಸಿಹಿತಿಂಡಿ ಹಣ್ಣುಗಳನ್ನೇ ಕೋಣೆಯಲ್ಲಿ ಕುಳಿತು ತಿಂದರು. ಹಡಗಿನಲ್ಲೆಲ್ಲ ಕಪ್ಪು ಸೂಟು ತೊಟ್ಟು, ಇಳಿಯುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನ ಮಾಡಿಟ್ಟಿದ್ದರು. ಸೆಪ್ಟೆಂಬರ್ ಕೊನೆಗೆ ಸೌತಾಂಪ್ಟನ್ನಿನಲ್ಲಿ ಇಳಿದಾಗ ಬಿಳಿಯ ಬಟ್ಟೆ ತೊಟ್ಟವರು ಅವರೊಬ್ಬರೇ! ಪೆಟ್ಟಿಗೆಗಳ ಬೀಗದ ಕೈಗಳೂ ಕೈಯಲ್ಲಿರಲಿಲ್ಲವಾದ್ದರಿಂದ ಬಟ್ಟೆ ಬದಲಿಸಲೂ ಆಗಲಿಲ್ಲ. ಮುಂದೆ ಲಂಡನ್ನಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟನ್ನೂ ಹೊಲಿಸಿಕೊಂಡರು.

ಅದೇ ಗಾಂಧೀಜಿ 1931ರಲ್ಲಿ ಎಸ್.ಎಸ್. ರಾಜಪುತಾನ ಹಡಗಿನಲ್ಲಿ ಹೋದದ್ದು ತುಂಡು ಧೋತರದಲ್ಲಿ, ಹೆಗಲ ಮೇಲೊಂದು ಶಾಲಿನಲ್ಲಿ. ಆ ನವೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ಅರಮನೆಯ ಚಹಾಕೂಟಕ್ಕೆ ಹೋದದ್ದೂ ಅದರಲ್ಲಿಯೇ. ನಡುವಿನ ನಲವತ್ತಮೂರು ವರ್ಷಗಳಲ್ಲಿ ಬದಲಾದದ್ದು ಇಂಗ್ಲೆಂಡಿನ ನಿಯಮವಲ್ಲ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ ಇಷ್ಟಲಿಂಗ ಮತ್ತು ವಿಭೂತಿಯದು. ಶಿವದಾರ, ಕರಡಿಗೆ ಅಂಗಿಯ ಒಳಗಿರುವ ವಸ್ತುಗಳು; ಊಟದ ಮನೆಯ ನಿಯಮಕ್ಕೂ ಅವುಗಳಿಗೂ ಯಾವ ಸಂಬಂಧವೂ ಇಲ್ಲ. ಹಣೆಯ ವಿಭೂತಿಯನ್ನು ಒರೆಸಿಕೊಂಡು ಬರಬೇಕೆನ್ನುವ ನಿಯಮವೂ ಇಲ್ಲ. ಹಾಗೆ ಹೇಳುವವರಿದ್ದರೆ ಅವರು ಹಡಗಿನವರಲ್ಲ, ಜೊತೆಗೆ ಬಂದ ನಮ್ಮವರೇ. ರುಮಾಲಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಒಳ್ಳೆಯದು. ನಿಷೇಧವಿರುವುದು ಆಟದ ಟೋಪಿಗೆ, ಸಂಪ್ರದಾಯದ ಶಿರೋವಸ್ತ್ರಕ್ಕಲ್ಲ. ಆದರೂ ಬಾಗಿಲಲ್ಲಿ ನಿಲ್ಲುವ ಹುಡುಗ ಯಾವ ದೇಶದವನೋ, ಅವನಿಗೆ ರುಮಾಲು ಗೊತ್ತಿರಲಾರದು. ಸ್ಥಳ ಕಾದಿರಿಸುವಾಗಲೇ ಮಗನೋ ಮಗಳೋ, ನಮ್ಮ ತಂದೆಯವರು ಭಾರತದ ಸಾಂಪ್ರದಾಯಿಕ ಉಡುಪಿನಲ್ಲಿ, ರುಮಾಲು ಸುತ್ತಿ ಬರುತ್ತಾರೆಂದು ಎರಡು ಸಾಲು ಬರೆದು ಉತ್ತರ ಪಡೆದಿಟ್ಟುಕೊಂಡರೆ ಸಾಕು. ಈ ಎರಡು ಸಾಲು ಬರೆಯುವುದು ಹೊಸ ಪ್ಯಾಂಟು ಹೊಲಿಸುವುದಕ್ಕಿಂತ ಅಗ್ಗ.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಆಕೆಯ ಕೇಶಾಂಬರವನ್ನು ಕುರಿತು ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅದನ್ನು ಎತ್ತಿಕೊಂಡು, ಉಡುಪಿನ ನಿಯಮಗಳೇ ವ್ಯರ್ಥವೆಂದು ವಾದಿಸುವ ತರುಣರೂ ಇದ್ದಾರೆ. ಅಕ್ಕನ ನಿಲವಿಗೆ ಏರಿದವರಿಗೆ ಆ ವಾದ ಸಲ್ಲುತ್ತದೆ. ತೋಳಿಲ್ಲದ ಬನಿಯನ್ನಿನಲ್ಲಿ ಊಟಕ್ಕೆ ಕುಳಿತುಕೊಳ್ಳುವವರಿಗೆ ಸಲ್ಲುವುದಿಲ್ಲ.

ನಮಗೆ ಪರರ ನಿಯಮ ಬಿಗಿಯೆನಿಸುವಾಗ ನಮ್ಮ ನಿಯಮ ಪರರಿಗೆ ಹೇಗನಿಸುವುದೆಂದೂ ನೋಡಬೇಕು. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ 2024ರ ಆರಂಭದಲ್ಲಿ ವಸ್ತ್ರಸಂಹಿತೆ ಜಾರಿಗೆ ಬಂದಾಗ, ಅರ್ಧ ಚಡ್ಡಿ, ಜೀನ್ಸು ತೊಟ್ಟು ಬಂದವರನ್ನು ಹಿಂದಕ್ಕೆ ಕಳಿಸದೆ ಪಂಚೆ, ಶಲ್ಯಗಳನ್ನು ಕೊಟ್ಟು ಒಳಗೆ ಕರೆದುಕೊಂಡರು. ಇದು ಸರಿಯಾದ ರೀತಿ. ನಿಯಮವನ್ನೂ ಉಳಿಸಿತು, ಬಂದವರ ಮುಖವನ್ನೂ ಉಳಿಸಿತು. ಕೆಲವು ಹಡಗುಗಳ ಊಟದ ಮನೆಗಳಲ್ಲಿಯೂ ಕೋಟಿಲ್ಲದೆ ಬಂದವರಿಗೆ ಕೊಡಲೆಂದು ಕೋಟುಗಳನ್ನಿಟ್ಟಿರುವ ಪದ್ಧತಿ ಇದೆ. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿಯೂ ಪರಸ್ಥಳದ ಅತಿಥಿಗಳಿಗಾಗಿ ನಾಲ್ಕು ಒಗೆದ ಪಂಚೆ, ನಾಲ್ಕು ಶಾಲು ಸಿದ್ಧವಿಟ್ಟರೆ, ಗದರಿಸಿ ಕಳಿಸುವ ಪ್ರಸಂಗವೇ ಬಾರದು.

ಇಷ್ಟಾದ ಮೇಲೆ ಹೊರಡುವ ಕುಟುಂಬಗಳಿಗೆ ನಾಲ್ಕು ವ್ಯಾವಹಾರಿಕ ಮಾತು. ಹಡಗಿನ ಊಟದ ಮನೆಗಳಲ್ಲಿ ತಂಪಿನ ಯಂತ್ರ ಸದಾ ನಡೆಯುತ್ತಿರುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಹದಗೊಂಡ ಮೈಗೆ ಅರ್ಧ ಗಂಟೆಯಲ್ಲಿ ನಡುಕ ಬರುತ್ತದೆ. ಆದ್ದರಿಂದ ಗಂಡಸರಿಗಾಗಲಿ ಹೆಂಗಸರಿಗಾಗಲಿ ಶಾಲು ಅಲಂಕಾರವಲ್ಲ, ಅಗತ್ಯ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ ಶಾಲೋ ಕೈಚೀಲವೋ ಇದ್ದರೆ ಇನ್ನೂ ಚೆಂದ. ಆ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಕುಶಲಕಲಾ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಲಂಬಾಣಿ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟು ದೇಶಗಳ ಪ್ರತಿನಿಧಿಗಳು ಬೆರಗಿನಿಂದ ನೋಡಿದ ಕೈಕೆಲಸವನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಲು ನಮ್ಮ ತಾಯಂದಿರು ನಾಚಬೇಕಾದ್ದಿಲ್ಲ.

ಸೀರೆಯ ವಿಷಯದಲ್ಲಿ ಇಳಕಲ್ಲಿನದು ಹಡಗಿಗೆ ಹೇಳಿ ಮಾಡಿಸಿದಂತಹದು. ಹತ್ತಿ ರೇಷ್ಮೆ ಕೂಡಿದ ನೇಯ್ಗೆ ಜಾರುವುದಿಲ್ಲ, ಟೋಪ ತೆನೆಯ ಸೆರಗು ದೂರದಿಂದಲೂ ಎದ್ದು ಕಾಣುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸ ಜೊತೆಗಿದ್ದರೆ ಫಾರ್ಮಲ್ ಸಂಜೆಗೂ ಬೇರೇನೂ ಬೇಡ. ಭಾರದ ಜರಿಸೀರೆ ಬೇಡ. ಹಡಗಿನ ಮೆಟ್ಟಿಲು ಕಡಿದು, ತೆರೆ ಎದ್ದ ದಿನ ನೆಲವೂ ತೂಗುತ್ತದೆ. ನಿರಿಗೆಯನ್ನು ಪಾದಕ್ಕಿಂತ ಎರಡು ಬೆರಳು ಮೇಲೆ ನಿಲ್ಲಿಸಿ ಉಡಬೇಕು. ಹೊರಗಿನ ಅಟ್ಟದಲ್ಲಿ ಗಾಳಿ ಬಿರುಸು. ಸೆರಗಿಗೆ ಪಿನ್ನು ಹಾಕಿಯೇ ಹೊರಡಬೇಕು. ಜಪಾನೀ ಊಟದ ಮನೆಗಳಲ್ಲಿ ಕಾದ ಕಬ್ಬಿಣದ ಹಂಚಿನ ಸುತ್ತ ಅತಿಥಿಗಳನ್ನು ಕುಳ್ಳಿರಿಸಿ, ಎದುರಿಗೇ ಜ್ವಾಲೆ ಎಬ್ಬಿಸಿ ಬೇಯಿಸುವ ಆಟವೊಂದುಂಟು. ನೈಲಾನು, ಪಾಲಿಯೆಸ್ಟರು ಸೀರೆ ಉಟ್ಟು ಆ ಹಂಚಿನ ಬಳಿ ಕೂರುವುದು ಅಪಾಯ. ಹತ್ತಿ ಸೀರೆಯಾದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಕೂರಬೇಕು. ಅದೇ ಹಂಚಿನ ಮೇಲೆ ಮಾಂಸವೂ ಬೇಯುವುದರಿಂದ, ನಮ್ಮವರು ಅಲ್ಲಿಗೆ ಹೋಗುವ ಮುನ್ನ ಆ ವಿಚಾರವನ್ನೂ ಕೇಳಿ ತಿಳಿಯುವುದು ಉತ್ತಮ.

ಧೋತರ ಉಡುವವರು ಕಚ್ಚೆ ಹಾಕಿ ಉಟ್ಟರೆ ನಡೆಯಲು, ಮೆಟ್ಟಿಲೇರಲು ಅನುಕೂಲ. ಮಡಿಸಿ ಮೇಲಕ್ಕೆ ಕಟ್ಟುವ ರೂಢಿಯನ್ನು ಹಡಗಿನಿಂದ ಇಳಿಯುವವರೆಗೆ ಬಿಡಬೇಕು. ಮೊಣಕಾಲು ಕಂಡರೆ ಅದೂ ಅರ್ಧ ಚಡ್ಡಿಯ ಲೆಕ್ಕಕ್ಕೇ ಸೇರೀತು! ಅಂಗಿಗೆ ಕಾಲರಿರಲಿ. ಕಾಲಿಗೆ ಕರಿಯ ತೊಗಲಿನ ಮುಚ್ಚಿದ ಜೋಡು, ಅಡಿಭಾಗ ಜಾರದಂತಹದು. ಇಟಲಿಯ ಊಟದ ಮನೆಯ ಟೊಮೆಟೊ ಗೊಜ್ಜು ಬಿಳಿಯ ಧೋತರಕ್ಕೆ ಪರಮಶತ್ರು; ಮೇಜಿನ ಮೇಲಿಟ್ಟ ಕರವಸ್ತ್ರವನ್ನು ಸಂಕೋಚವಿಲ್ಲದೆ ತೊಡೆಯ ಮೇಲೆ ಹರಡಿಕೊಳ್ಳಬೇಕು.

ಪ್ರಯಾಣಕ್ಕೆ ಮೊದಲು ಇದೇ ಉಡುಪಿನಲ್ಲಿ, ಇದೇ ಜೋಡು ಮೆಟ್ಟಿ, ಹೊಸಪೇಟೆಯ ಅಥವಾ ಕಮಲಾಪುರದ ದೊಡ್ಡ ಹೋಟೆಲೊಂದರಲ್ಲಿ ಮನೆಮಂದಿಯೆಲ್ಲ ಒಂದು ಸಂಜೆ ಉಂಡು ಬರುವುದು ಒಳ್ಳೆಯ ಅಭ್ಯಾಸ. ನೆಲದ ಮೇಲಿನ ಹಡಗೊಂದು ನಮ್ಮೂರಿಗೇ ಬರುತ್ತದೆಂಬುದನ್ನೂ ಮಕ್ಕಳಿಗೆ ನೆನಪಿಸಬಹುದು: ಹಂಪಿಯ ಕಲ್ಲಿನ ರಥದಿಂದ ಹೆಸರು ಪಡೆದ ಸುವರ್ಣ ರಥ ಎಂಬ ಐಷಾರಾಮಿ ರೈಲು 2008ರಲ್ಲಿ ಆರಂಭವಾಯಿತು. ಹಂಪಿ ನೋಡುವ ಅತಿಥಿಗಳನ್ನು ಹೊಸಪೇಟೆಯಲ್ಲಿ ಇಳಿಸುವ ಅದರ ಎರಡು ಊಟದ ಡಬ್ಬಿಗಳಿಗೆ ನಳ, ರುಚಿ ಎಂದು ಹೆಸರು. ಪಾಕಶಾಸ್ತ್ರಕ್ಕೆ ಹೆಸರಾದ ನಳಮಹಾರಾಜನ ಹೆಸರಿನ ಮನೆಯಲ್ಲಿ ಧೋತರಕ್ಕೆ ಸ್ಥಳವಿಲ್ಲವೆಂದು ಯಾರು ತಾನೇ ಹೇಳಿಯಾರು?

ಇಸ್ತ್ರಿಯದೊಂದು ತೊಡಕಿದೆ. ಬೆಂಕಿಯ ಭಯದಿಂದ ಬಹುತೇಕ ಹಡಗುಗಳಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಕೋಣೆಗೆ ಒಯ್ಯಲು ಬಿಡುವುದಿಲ್ಲ. ಮೇಣದ ಬತ್ತಿ, ಊದುಬತ್ತಿ, ಕರ್ಪೂರಗಳನ್ನು ಹಚ್ಚುವುದಕ್ಕೂ ಇದೇ ಕಾರಣದಿಂದ ಅಪ್ಪಣೆಯಿಲ್ಲ. ಲಿಂಗಪೂಜೆಯನ್ನು ಜಲ, ವಿಭೂತಿಗಳಲ್ಲಿ ಮುಗಿಸಬೇಕು, ಅದರಿಂದ ಪೂಜೆಗೆ ನ್ಯೂನತೆ ಇಲ್ಲ. ಹಡಗಿನ ಅಗಸರು ಹಣ ಪಡೆದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಾರೆ, ಆದರೆ ಕಚ್ಚೆಯ ಧೋತರವನ್ನು ಹೇಗೆ ಮಡಿಸಬೇಕೆಂದು ಅವರಿಗೆ ತಿಳಿಯದು. ಆದ್ದರಿಂದ ಊರಿನಲ್ಲಿಯೇ ಇಸ್ತ್ರಿ ಮಾಡಿಸಿ, ಒಂದೊಂದು ಸಂಜೆಯ ಉಡುಪನ್ನು ಅಂಗಿ, ಶಲ್ಯ ಸಮೇತ ಬೇರೆ ಬೇರೆ ಗಂಟು ಕಟ್ಟಿಟ್ಟುಕೊಳ್ಳಬೇಕು. ಹಡಗು ಹತ್ತಿದ ದಿನ ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬಂದು ಸೇರುವುದು ಎಷ್ಟೋ ಸಲ ಕತ್ತಲಾದ ಮೇಲೆ. ಮೊದಲ ಸಂಜೆಯ ಗಂಟು, ಕರಡಿಗೆಯ ವಸ್ತ್ರ, ವಿಭೂತಿ, ಔಷಧಗಳು ಕೈಚೀಲದಲ್ಲಿಯೇ ಇರಲಿ.